ನದಿ ದಾಟುವುದೇ ಆ ಊರಿನ ಕಥೆ

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿವೆ. ಮಗಳ ಮನೆ ಬರ್ಮಿಂಗ್‌ಹ್ಯಾಮ್‌ನಲ್ಲಿದೆ, ಬೇಸಿಗೆಗೆ ಹೋಗುತ್ತಿದ್ದೇವೆ, ನದಿ ದಂಡೆಯ ಹಳೆಯ ಊರು ಯಾವುದನ್ನು ನೋಡಬೇಕು ಅನ್ನುವುದು ಒಂದು. ಅಂಥ ಊರಲ್ಲಿ ಬೆಳೆದ ಕನ್ನಡಿಗರು ಯಾರಾದರೂ ಇದ್ದರೆ, ಅವು ಕ್ಯಾಲೆಂಡರ್ ಚಿತ್ರದಲ್ಲಿ ಕಾಣುವಷ್ಟೇ ಶಾಂತವಾಗಿದ್ದವಾ ಅನ್ನುವುದು ಇನ್ನೊಂದು. ಎರಡಕ್ಕೂ ನನ್ನ ಹತ್ತಿರ ಇರುವುದು ಒಂದೇ ಊರು, ಐರನ್‌ಬ್ರಿಡ್ಜ್. ಶ್ರಾಪ್‌ಶೈರ್‌ನಲ್ಲಿ, ಸೆವರ್ನ್ ನದಿಯ ಕಣಿವೆಯಲ್ಲಿದೆ.

ನಮ್ಮ ಅಪ್ಪ ಹರಿಹರದವರು, ಡಾಕ್ಟರ್. 1980ರ ದಶಕದಲ್ಲಿ ಆ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದರು. ನನ್ನ ಪ್ರೈಮರಿ ಶಾಲೆಯ ವರ್ಷಗಳೆಲ್ಲ ಅಲ್ಲೇ ಕಳೆದವು. ಹೈಸ್ಕೂಲಿಗೆ ದಾವಣಗೆರೆಗೆ ವಾಪಸ್ ಬಂದೆವು. ಆದರೂ ನನ್ನ ಊರು ಯಾವುದು ಅಂತ ಯಾರಾದರೂ ಕೇಳಿದರೆ ಮನಸ್ಸಿಗೆ ಮೊದಲು ಬರುವುದು ಆ ಕಣಿವೆಯೇ.

ಶಾಂತವಾಗಿತ್ತಾ ಅಂದರೆ, ನಾವಿದ್ದಾಗ ಹೌದು. ಆದರೆ ಅದು ದುಡಿದು ದಣಿದ ಊರಿನ ಶಾಂತಿ. ಈಗ ಹಸಿರಾಗಿ ಕಾಣುವ ಆ ಗುಡ್ಡಗಳ ತುಂಬ ಒಂದು ಕಾಲಕ್ಕೆ ಗಣಿ, ಕುಲುಮೆ, ಇಟ್ಟಿಗೆ ಗೂಡುಗಳಿದ್ದವು. 1801ರಲ್ಲಿ ಲೂಥರ್‌ಬರ್ಗ್ ಎಂಬ ಚಿತ್ರಕಾರ ಅಲ್ಲಿನ ಕುಲುಮೆಗಳ ಚಿತ್ರ ಬರೆದಿದ್ದಾನೆ. ರಾತ್ರಿಯ ಆಕಾಶ ಪೂರ್ತಿ ಬೆಂಕಿಯ ಬಣ್ಣದಲ್ಲಿದೆ. ನಮ್ಮ ತರಗತಿಯ ಗೋಡೆ ಮೇಲೆ ಅದರ ಪ್ರತಿ ಇತ್ತು. ಅದೇ ಜಾಗದ ಹತ್ತಿರ ನಾವು ಹುಡುಗರು ಕಪ್ಪು ಹಣ್ಣಿನ ಮುಳ್ಳುಗಿಡಗಳಲ್ಲಿ ಬೆರ್ರಿ ಕೀಳುತ್ತಿದ್ದೆವು. ಚಿತ್ರ ಮತ್ತು ಜಾಗ ಎರಡೂ ಒಂದೇ ಅಂತ ನಂಬೋದು ಕಷ್ಟವಾಗುತ್ತಿತ್ತು.

ಮೊದಲು ಸೇತುವೆಯ ವಿಷಯ ಹೇಳುತ್ತೇನೆ. ಎಲ್ಲರೂ ಬರುವುದು ಅದಕ್ಕೇ. ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣದ ಕಲ್ಲು, ಜೇಡಿಮಣ್ಣು, ಎಲ್ಲವೂ ಆ ಕಣಿವೆಯಲ್ಲೇ ಸಿಗುತ್ತಿತ್ತು. ಸಾಗಿಸಲು ಕೆಳಗೆ ನದಿ ಇತ್ತು. 1709ರಲ್ಲಿ ಏಬ್ರಹಾಂ ಡಾರ್ಬಿ ಎಂಬಾತ ಪಕ್ಕದ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್, ಅಂದರೆ ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲು, ಹಾಕಿ ಕಬ್ಬಿಣ ಕರಗಿಸಿದ. ಇದ್ದಿಲಿಗಾದರೆ ಕಾಡು ಕಡಿಯಬೇಕು. ಕೋಕ್ ಮಾಡಲು ಗುಡ್ಡ ಅಗೆದು ಕಲ್ಲಿದ್ದಲು ತೆಗೆದರೆ ಸಾಕು. ಮುಂದೆ ಕಬ್ಬಿಣ ಅಗ್ಗವಾಗುತ್ತಾ ಹೋಯಿತು. ಅವನ ಮೊಮ್ಮಗ, ಅದೇ ಹೆಸರಿನ ಮೂರನೇ ಏಬ್ರಹಾಂ ಡಾರ್ಬಿ, ಕಬ್ಬಿಣದಲ್ಲೇ ಸೇತುವೆ ಕಟ್ಟುವ ಕೆಲಸಕ್ಕೆ ಕೈ ಹಾಕಿದ.

ನದಿಯಲ್ಲಿ ಆಗ ಟ್ರೋ ಎಂಬ ಚಪ್ಪಟೆ ತಳದ ಹಾಯಿದೋಣಿಗಳು ಬ್ರಿಸ್ಟಲ್ ಕಡೆಗೆ ಓಡಾಡುತ್ತಿದ್ದವು. ವಾಪಸ್ ಮೇಲಕ್ಕೆ ಬರುವಾಗ ಗಂಡಸರು ಗುಂಪಾಗಿ ಮೈಗೆ ಹಗ್ಗ ಕಟ್ಟಿಕೊಂಡು, ದಂಡೆಯ ಮೇಲೆ ಬಗ್ಗಿ ನಡೆಯುತ್ತಾ, ದೋಣಿ ಎಳೆಯುತ್ತಿದ್ದರು. ಎತ್ತು ಕುದುರೆಗಳು ಮಾಡುವ ಕೆಲಸವನ್ನು ಮನುಷ್ಯರು ಮಾಡುತ್ತಿದ್ದರು. ಆ ಕೆಲಸ ಕುದುರೆಗಳಿಗೆ ಹೋಗಿದ್ದು ಮುಂದಿನ ಶತಮಾನದಲ್ಲಿ. ಈ ದೋಣಿಗಳಿಗೆ ಅಡ್ಡ ಬಾರದಂತೆ ಸೇತುವೆ ಎತ್ತರವಾಗಿರಬೇಕಿತ್ತು, ನಡುವೆ ಕಂಬ ಇರಬಾರದಿತ್ತು. ಹಾಗಾಗಿ ಸುಮಾರು 30 ಮೀಟರ್ ಅಗಲದ ಒಂದೇ ಕಮಾನು. ನಕ್ಷೆ ಹಾಕಿದವರು ಶ್ರೂಸ್‌ಬರಿಯ ಥಾಮಸ್ ಪ್ರಿಚರ್ಡ್. ಸೇತುವೆ ನೋಡುವ ಮೊದಲೇ, 1777ರಲ್ಲಿ, ತೀರಿಹೋದರು. 1779ರ ಬೇಸಿಗೆಯಲ್ಲಿ ಕಮಾನು ನಿಂತಿತು. 1781ರ ಜನವರಿ 1ರಂದು ಸಂಚಾರ ಶುರುವಾಯಿತು.

378 ಟನ್ ಕಬ್ಬಿಣ, ಸುಮಾರು 1,700 ಬಿಡಿ ಭಾಗಗಳು. ನನಗೆ ಈಗಲೂ ಇಷ್ಟವಾಗುವುದು ಅವುಗಳನ್ನು ಜೋಡಿಸಿದ ರೀತಿ. ಆವರೆಗೆ ಇಷ್ಟು ದೊಡ್ಡ ಕಬ್ಬಿಣದ ಸೇತುವೆಯನ್ನು ಯಾರೂ ಕಟ್ಟಿರಲಿಲ್ಲ. ಕೆಲಸಗಾರರಿಗೆ ಗೊತ್ತಿದ್ದದ್ದು ಬಡಗಿ ಕೆಲಸ. ಹಾಗಾಗಿ ಮರಕ್ಕೆ ಹಾಕುವ ಸಂದುಗಳನ್ನೇ ಕಬ್ಬಿಣಕ್ಕೂ ಹಾಕಿದರು. ಒಂದರ ತೂತಿಗೆ ಇನ್ನೊಂದರ ನಾಲಿಗೆಯಂಥ ತುದಿ ಕೂರಿಸಿ, ಬೆಣೆ ಹೊಡೆದು ಬಿಗಿ ಮಾಡಿದರು. ಸೇತುವೆ ಕೆಳಗೆ ನಿಂತು ತಲೆ ಎತ್ತಿ ನೋಡಿದರೆ ಆ ಬೆಣೆಗಳು ಕಾಣುತ್ತವೆ. ನೀವು ಹೋದಾಗ ದಯವಿಟ್ಟು ಕೆಳಗಿಳಿದು ನೋಡಿ. ಮೇಲೆ ನಿಂತು ಸೆಲ್ಫಿ ತೆಗೆದುಕೊಂಡು ವಾಪಸ್ ಬಂದರೆ ಅರ್ಧ ನೋಡಿದ ಹಾಗೆ ಅಷ್ಟೇ. ಅಷ್ಟು ತೂಕದ ಕಬ್ಬಿಣವನ್ನು ಹೇಗೆ ಮೇಲೆತ್ತಿ ಕೂರಿಸಿದರು ಅನ್ನುವುದು ನಾನು ಶಾಲೆಯಲ್ಲಿದ್ದಾಗ ಒಗಟಾಗಿಯೇ ಇತ್ತು. 1997ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಇಲಿಯಾಸ್ ಮಾರ್ಟಿನ್ ಎಂಬ ಚಿತ್ರಕಾರ ಸೇತುವೆ ಕಟ್ಟುತ್ತಿದ್ದಾಗಲೇ ಬರೆದಿದ್ದ ಒಂದು ಸಣ್ಣ ಜಲವರ್ಣ ಚಿತ್ರ ಸಿಕ್ಕಿತು. ಅದರಲ್ಲಿ ಸೇತುವೆ ಅರ್ಧ ಎದ್ದು ನಿಂತಿದೆ, ನದಿಯಲ್ಲಿ ಮರದ ಅಟ್ಟಣಿಗೆ ಇದೆ. ಆಮೇಲೆಯೇ ಕಟ್ಟಿದ ಕ್ರಮ ಒಂದು ಮಟ್ಟಿಗೆ ಗೊತ್ತಾಗಿದ್ದು.

ಖರ್ಚು ಅಂದಾಜಿನ ದುಪ್ಪಟ್ಟಿನಷ್ಟಾಯಿತು. ಡಾರ್ಬಿ ಸಾಲದಲ್ಲಿ ಮುಳುಗಿದ. 1789ರಲ್ಲಿ, ನಲವತ್ತು ತುಂಬುವ ಮುಂಚೆಯೇ, ಸಾಲ ತೀರಿಸದೆ ಸತ್ತ.

ಈಗ ನಾನು ಹೇಳಬೇಕಿದ್ದ ವಿಷಯಕ್ಕೆ ಬರುತ್ತೇನೆ. ಸೇತುವೆಯ ದಕ್ಷಿಣದ ತುದಿಯಲ್ಲಿ ಸುಂಕದ ಕಟ್ಟೆ ಇದೆ. ಅಲ್ಲಿ ಸುಂಕದ ಪಟ್ಟಿಯ ಬೋರ್ಡ್ ಇದೆ. ಗಾಡಿಗೆ ಇಷ್ಟು, ಕುದುರೆಗೆ ಇಷ್ಟು, ಹಂದಿ ಕುರಿಗೆ ಇಷ್ಟು, ನಡೆದು ಹೋಗುವವರಿಗೆ ಅರ್ಧ ಪೆನ್ನಿ. ಕೊನೆಯಲ್ಲಿ ಒಂದು ಮಾತು: ಸೈನಿಕರು ಡ್ಯೂಟಿಯಲ್ಲಿರಲಿ ಬಿಡಲಿ, ಅಂಚೆ ಗಾಡಿಯಾಗಲಿ, ರಾಜಮನೆತನದವರೇ ಆಗಲಿ, ಎಲ್ಲರೂ ಸುಂಕ ಕೊಡಬೇಕು. ಪ್ರವಾಸಿಗರು ಅದನ್ನು ಓದಿ ಖುಷಿಪಡುತ್ತಾರೆ, ರಾಜನಿಗೂ ವಿನಾಯಿತಿ ಇರಲಿಲ್ಲವಲ್ಲ ಅಂತ. ರಾಜನಿಗೆ ಅರ್ಧ ಪೆನ್ನಿ ಯಾವ ಲೆಕ್ಕ? ದಿನಾ ಬೆಳಿಗ್ಗೆ ಸಂಜೆ ದಾಟುವ ಕೂಲಿಯವನಿಗೆ ಅದು ಲೆಕ್ಕ. ಗಣಿ, ಕುಲುಮೆ, ಪಿಂಗಾಣಿ ಕಾರ್ಖಾನೆ, ಟೈಲ್ಸ್ ಕಾರ್ಖಾನೆಗಳು ಎರಡೂ ದಂಡೆಯಲ್ಲಿದ್ದವು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಆ ಊರಿನ ಇತಿಹಾಸ ಅಂದರೆ ನನಗೆ ಈ ಜನ ಹೇಗೆ ನದಿ ದಾಟಿದರು ಅನ್ನುವುದೇ.

ಸುಂಕ ಕೊಡಲಾಗದವರು ಕೊರಾಕಲ್‌ನಲ್ಲಿ ದಾಟುತ್ತಿದ್ದರು. ಕೊರಾಕಲ್ ಅಂದರೆ ನಮ್ಮ ಹರಿಗೋಲು. ಹೌದು, ಹಂಪಿ ಆನೆಗೊಂದಿಯಲ್ಲಿ ನೋಡಿದ್ದೀರಲ್ಲ, ಅದೇ ಜಾತಿಯ ದೋಣಿ. ನಾವು ಅಲ್ಲಿಗೆ ಹೋದ ಹೊಸದರಲ್ಲಿ ನದಿ ಪಕ್ಕ ನಡೆಯುವಾಗ ಒಂದು ಹಳೆಯ ಶೆಡ್ಡಿನ ಗೋಡೆಗೆ ಎರಡು ಕೊರಾಕಲ್ ಒರಗಿಸಿಟ್ಟಿದ್ದು ಕಂಡಿತು. ಅಪ್ಪ ಅಲ್ಲೇ ನಿಂತುಬಿಟ್ಟರು. "ಏ, ಇದು ನಮ್ಮ ತುಂಗಭದ್ರೆದು ಕಣೋ" ಅಂದರು. ಆಮೇಲೆ ಮನೆ ತಲುಪುವವರೆಗೂ ಹರಿಹರದ ಹೊಳೆ ಕಥೆ. ಅಪ್ಪ ಚಿಕ್ಕವರಿದ್ದಾಗಿನ ಮಾತುಗಳನ್ನು ಅಷ್ಟು ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು. ಅಮ್ಮನಿಗೂ ಆ ದಿನ ಆ ಊರು ಸ್ವಲ್ಪ ಹತ್ತಿರವಾಯಿತು ಅನಿಸುತ್ತದೆ.

ಎರಡರಲ್ಲೂ ವ್ಯತ್ಯಾಸ ಇದೆ. ನಮ್ಮದು ಪೂರ್ತಿ ದುಂಡಗೆ, ಬಿದಿರಿನ ಹೆಣಿಗೆ, ಹತ್ತಾರು ಜನ ಹಿಡಿಸುತ್ತದೆ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೂಡ ಆನೆಗೊಂದಿಯ ಚರ್ಮ ಹೊದಿಸಿದ ದುಂಡು ದೋಣಿಗಳಲ್ಲಿ ಕುದುರೆ, ಎತ್ತುಗಳನ್ನು ದಾಟಿಸುತ್ತಿದ್ದರು ಅಂತ ಬರೆದಿದ್ದಾನೆ. ಐರನ್‌ಬ್ರಿಡ್ಜ್‌ನ ಕೊರಾಕಲ್ ಒಬ್ಬನಿಗೆ ಮಾತ್ರ. ಆಶ್ ಮರದ ಪಟ್ಟಿಗಳ ಚೌಕಟ್ಟು, ಮೇಲೆ ಬಟ್ಟೆ, ಅದಕ್ಕೆ ಟಾರು ಬಳಿದಿರುತ್ತಾರೆ. ನಡುವೆ ಅಡ್ಡ ಹಲಗೆಯ ಸೀಟು. ಒಂದೇ ಹುಟ್ಟು. ಅದನ್ನು ಮುಂದುಗಡೆ ನೀರಿನಲ್ಲಿ ಇಂಗ್ಲಿಷ್ 8ರ ಆಕಾರದಲ್ಲಿ ಆಡಿಸಬೇಕು. ಸುಮ್ನೆ ಪಕ್ಕಕ್ಕೆ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ಸುತ್ತುತ್ತದೆ. ದಾಟಿದ ಮೇಲೆ ಬೆನ್ನಿಗೆ ಹಾಕಿಕೊಂಡು ಆಮೆಯ ಹಾಗೆ ನಡೆದು ಹೋಗಬಹುದು.

ಆ ಊರಿನಲ್ಲಿ ಈ ದೋಣಿ ಕಟ್ಟುತ್ತಿದ್ದವರು ರಾಜರ್ಸ್ ಮನೆತನದವರು. ತಲೆಮಾರುಗಳಿಂದ ಅವರದೇ ಕೆಲಸ. ನಾವಿದ್ದಾಗ ಯೂಸ್ಟೇಸ್ ರಾಜರ್ಸ್ ಅವರ ಹೆಸರು ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. ಕೊರಾಕಲ್ ಬರೀ ಸುಂಕ ಉಳಿಸಲು ಬಳಸುತ್ತಿದ್ದದ್ದಲ್ಲ. ರಾತ್ರಿ ಹೊತ್ತು ಆಚೆ ದಂಡೆಯ ಜಮೀನುದಾರರ ಕಾಡಲ್ಲಿ ಕದ್ದು ಮೊಲ ಹಿಡಿಯಲು ಹೋಗುವವರಿಗೂ ಅದೇ. ಪ್ರವಾಹ ಬಂದಾಗಲೂ ಅದೇ. ನದಿಗೆ ಬಿದ್ದವರನ್ನು, ಕೆಲವೊಮ್ಮೆ ಶವಗಳನ್ನು, ಹುಡುಕಿ ತರುತ್ತಿದ್ದದ್ದೂ ಇದೇ ಮನೆತನದವರು. ಸೇತುವೆ ಕಟ್ಟಿದ ಡಾರ್ಬಿಯ ಹೆಸರು ಎಲ್ಲ ಕಡೆ ಇದೆ, ಇರಲಿ. ನನ್ನ ಪ್ರಕಾರ ರಾಜರ್ಸ್ ಅವರ ಹೆಸರನ್ನೂ ಅಷ್ಟೇ ದೊಡ್ಡದಾಗಿ ಬರೆಯಬೇಕು.

ಸೇತುವೆ ದೂರ ಇದ್ದ ಕಡೆ ನಾಡದೋಣಿ ಇತ್ತು. ಸ್ವಲ್ಪ ಕೆಳಗಿನ ಕೋಲ್‌ಪೋರ್ಟ್‌ನಲ್ಲಿ ಪಿಂಗಾಣಿ ಕಾರ್ಖಾನೆ. ಎದುರಿಗೆ ಜ್ಯಾಕ್‌ಫೀಲ್ಡ್ ಎಂಬ ಹಳ್ಳಿ. 1799ರ ಅಕ್ಟೋಬರ್‌ನ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟ ಕಾರ್ಮಿಕರಿದ್ದ ದೋಣಿ ಮಗುಚಿತು. 28 ಜನ ಮುಳುಗಿ ಸತ್ತರು. ದೋಣಿ ಆಮೇಲೂ ಓಡುತ್ತಲೇ ಇತ್ತು, ಯಾಕಂದ್ರೆ ಬೇರೆ ದಾರಿ ಇರಲಿಲ್ಲ. ಅಲ್ಲಿ ಕಾಲುಸೇತುವೆ ಬಂದದ್ದು 1922ರಲ್ಲಿ. ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನವರ ಸ್ಮಾರಕವಾಗಿ ಅದನ್ನು ಕಟ್ಟಿದರು. ಕಲ್ಲಿನ ಕಂಬ ನಿಲ್ಲಿಸುವ ಬದಲು ಸೇತುವೆ ಕಟ್ಟಿದ್ದಾರಲ್ಲ, ಅದಕ್ಕಿಂತ ಒಳ್ಳೆಯ ಸ್ಮಾರಕ ಯುದ್ಧಕ್ಕೆ ಸಂಬಂಧಪಟ್ಟಂತೆ ನಾನು ಎಲ್ಲೂ ನೋಡಿಲ್ಲ. ನಾವು ಸೈಕಲ್ ತಳ್ಳಿಕೊಂಡು ಅದರ ಮೇಲೆ ಹೋಗುತ್ತಿದ್ದೆವು. ಹಲಗೆಗಳು ಸದ್ದು ಮಾಡುತ್ತಿದ್ದವು.

ಇನ್ನೊಂದು ಸೇತುವೆ ಇತ್ತು. ಊರವರು ಅದನ್ನು ಕರೆಯುತ್ತಿದ್ದದ್ದೇ ಫ್ರೀ ಬ್ರಿಡ್ಜ್ ಅಂತ. 1909ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಸುಂಕ ಇಲ್ಲದ್ದು. ನಮ್ಮ ಪಕ್ಕದ ಮನೆಯ ಅಜ್ಜ ಜ್ಯಾಕ್‌ಫೀಲ್ಡ್‌ನ ಟೈಲ್ಸ್ ಕಾರ್ಖಾನೆಯಲ್ಲಿ ದುಡಿದವರು. ಅವರ ತಾಯಿ ಸಂತೆಗೆ ಹೋಗುವಾಗ ಎದುರಿಗೇ ಇದ್ದ ಕಬ್ಬಿಣದ ಸೇತುವೆ ಬಿಟ್ಟು, ಫ್ರೀ ಬ್ರಿಡ್ಜ್‌ವರೆಗೆ ನಡೆದು ಹೋಗಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆದು ಬರುತ್ತಿದ್ದರಂತೆ. ಕೈಯಲ್ಲಿ ಬುಟ್ಟಿ, ಸೊಂಟದಲ್ಲಿ ಮಗು. ಮಳೆ ಜಾಸ್ತಿ ಇದ್ದ ದಿನ ಮಾತ್ರ ಅರ್ಧ ಪೆನ್ನಿ ಕೊಡುತ್ತಿದ್ದರಂತೆ. ಕಬ್ಬಿಣದ ಸೇತುವೆಗೆ 1934ರಲ್ಲೇ ವಾಹನ ನಿಲ್ಲಿಸಿದರು. ಆದರೆ ನಡೆಯುವವರ ಸುಂಕ ನಿಂತಿದ್ದು 1950ರಲ್ಲಿ. ಅಷ್ಟು ವರ್ಷ! ಅಜ್ಜ ಇದನ್ನು ಹೇಳುವಾಗ ಸಿಟ್ಟು ಇರುತ್ತಿರಲಿಲ್ಲ. ಆದರೆ ಅವರು ಪ್ರವಾಸಿಗರ ಹಾಗೆ ಆ ಸೇತುವೆಯನ್ನು ಹೊಗಳಿದ್ದು ಮಾತ್ರ ನಾನು ಕೇಳಲಿಲ್ಲ. 1986ರಲ್ಲಿ ಯುನೆಸ್ಕೋ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಲೆಯಲ್ಲಿ ದೊಡ್ಡ ಸಂಭ್ರಮ, ನಾವೆಲ್ಲ ಸೇತುವೆ ಚಿತ್ರ ಬರೆದೆವು. ಅಜ್ಜನಿಗೆ ತೋರಿಸಿದೆ. "ಚೆನ್ನಾಗಿದೆ, ಆದರೆ ನದಿಯಲ್ಲಿ ಕೊರಾಕಲ್ ಎಲ್ಲಿ?" ಅಂದರು. ವಾಪಸ್ ಹೋಗಿ ಬರೆದು ಸೇರಿಸಿದೆ.

ನೆಲದ ಕಥೆ ಬೇರೆಯೇ ಇದೆ. ಆ ಕಣಿವೆಯ ಇಳಿಜಾರು ಇನ್ನೂ ಗಟ್ಟಿಯಾಗಿಲ್ಲ. ಹಿಮಯುಗದಲ್ಲಿ ನೀರು ದಾರಿ ಬದಲಿಸಿ ಕಡಿದಾಗಿ ಕೊರೆದ ಕಂದರ ಅದು. ಒಳಗೆ ಜೇಡಿಮಣ್ಣಿನ ಪದರಗಳು. ಮೇಲಿಂದ ಶತಮಾನಗಟ್ಟಲೆ ಗಣಿ ಅಗೆದಿದ್ದಾರೆ. ಮಳೆ ಕುಡಿದ ಮಣ್ಣು ನದಿ ಕಡೆಗೆ ಜಾರುತ್ತಲೇ ಇರುತ್ತದೆ. 1952ರಲ್ಲಿ ಜ್ಯಾಕ್‌ಫೀಲ್ಡ್‌ನ ಒಂದು ಭಾಗ ಹಾಗೇ ಜಾರಿಹೋಯಿತು. ಇಪ್ಪತ್ತಕ್ಕೂ ಹೆಚ್ಚು ಮನೆಗಳು ಹಾಳಾದವು. ರಸ್ತೆ, ರೈಲು ಹಳಿ ಎರಡೂ ಸೊಟ್ಟಗಾದವು. ಆ ರೈಲು 1963ರಲ್ಲಿ ನಿಂತೇ ಹೋಯಿತು. ಎರಡೂ ದಂಡೆಗಳು ಒಳಕ್ಕೆ ಒತ್ತುವುದರಿಂದ ಕಬ್ಬಿಣದ ಸೇತುವೆಯೇ ಹಿಸುಕಿಹೋಗುವ ಅಪಾಯ ಇತ್ತು. 1970ರ ದಶಕದಲ್ಲಿ ನದಿಯ ತಳದಲ್ಲಿ, ಸೇತುವೆಯ ಅಡಿಗೆ, ಕಾಂಕ್ರೀಟ್ ಹಾಕಿ ಎರಡೂ ಪಾಯಗಳನ್ನು ದೂರ ತಳ್ಳಿ ಹಿಡಿದರು. ಅದು ನೀರಿನೊಳಗಿದೆ, ಕಾಣುವುದಿಲ್ಲ. ಗುಡ್ಡದ ಮೇಲಿನ ಸೇಂಟ್ ಲ್ಯೂಕ್ ಚರ್ಚಿನ ಗೋಪುರ ಪೂರ್ವಕ್ಕಿದೆ. ಸಾಮಾನ್ಯವಾಗಿ ಪಶ್ಚಿಮಕ್ಕಿರಬೇಕು. ಪಶ್ಚಿಮದ ನೆಲ ಗೋಪುರದ ಭಾರ ತಡೆಯುವುದಿಲ್ಲ ಅಂತ ಚರ್ಚನ್ನೇ ತಿರುಗಿಸಿ ಕಟ್ಟಿದರು. ನಮ್ಮ ಮನೆಯ ಗೋಡೆಯಲ್ಲೂ ಬಿರುಕು ಇತ್ತು. ಅಮ್ಮ ಪ್ರತಿ ಮಳೆಗಾಲಕ್ಕೂ ಅದರ ತುದಿಗೆ ಪೆನ್ಸಿಲ್ ಗುರುತು ಹಾಕುತ್ತಿದ್ದರು.

ಪ್ರವಾಹದ ಬಗ್ಗೆ ಹೇಳದೆ ಸೆವರ್ನ್ ಬಗ್ಗೆ ಹೇಳಲಾಗುವುದಿಲ್ಲ. ವೇಲ್ಸ್‌ನ ಗುಡ್ಡಗಳಲ್ಲಿ ಹುಟ್ಟಿ ಸುಮಾರು 354 ಕಿಲೋಮೀಟರ್ ಹರಿಯುತ್ತದೆ, ಬ್ರಿಟನ್ನಿನ ಅತಿ ಉದ್ದದ ನದಿ. 1795ರ ಫೆಬ್ರವರಿಯ ಮಹಾಪೂರದಲ್ಲಿ ಆ ನದಿಯ ಸೇತುವೆಗಳು ಒಂದಾದ ಮೇಲೊಂದು ಕೊಚ್ಚಿಹೋದವು, ಇಲ್ಲವೇ ಜಖಂ ಆದವು. ಕಬ್ಬಿಣದ ಸೇತುವೆ ಮಾತ್ರ ಅಲುಗಲಿಲ್ಲ. ಕಬ್ಬಿಣದ ಮೇಲೆ ಜನಕ್ಕೆ ನಂಬಿಕೆ ಬಂದದ್ದು ಆಗಲೇ. ಮೇಲಿನ ಬಿಲ್ಡ್‌ವಾಸ್‌ನಲ್ಲಿ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರ್ ಮರುವರ್ಷವೇ ಕಬ್ಬಿಣದ ಸೇತುವೆ ಕಟ್ಟಿದ. ಡಾರ್ಬಿಯದಕ್ಕಿಂತ ಅಗಲವಾದ ಕಮಾನು, ಅರ್ಧಕ್ಕಿಂತ ಕಡಿಮೆ ಕಬ್ಬಿಣ.

ನನ್ನ ನೆನಪಿನಲ್ಲಿರುವುದು ಚಳಿಗಾಲದ ಕೆಂಪು ನೀರು. ದಂಡೆಯ ರಸ್ತೆಗೆ ವಾರ್ಫೇಜ್ ಅಂತ ಹೆಸರು. ನೀರು ಏರುತ್ತಿದೆ ಅಂತ ಸುದ್ದಿ ಬಂದರೆ ಅಲ್ಲಿನ ಮನೆಯವರು ಕಾರ್ಪೆಟ್ ಸುತ್ತಿ ಮಹಡಿಗೆ ಸಾಗಿಸುತ್ತಿದ್ದರು. ಗಲಾಟೆ ಇಲ್ಲ, ಗೋಳಾಟ ಇಲ್ಲ. ನಾವು ಮಕ್ಕಳೂ ಕೈ ಜೋಡಿಸುತ್ತಿದ್ದೆವು. ಆಮೇಲೆ ಯಾರದೋ ಮನೆಯಲ್ಲಿ ಬಿಸಿ ಸೂಪ್. ಅಲ್ಲಿ 1834ರಲ್ಲಿ ಕಟ್ಟಿದ ಒಂದು ಹಳೆಯ ಗೋದಾಮು ಇದೆ, ದೋಣಿಗೆ ತುಂಬುವ ಸಾಮಾನು ಇಡುತ್ತಿದ್ದದ್ದು. ಅದರ ಬಾಗಿಲ ಹತ್ತಿರದ ಗೋಡೆಯಲ್ಲಿ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಅಂತ ಗುರುತುಗಳಿವೆ. ಮೇಲಿನ ಗುರುತು ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಈಗ ನೀರು ತಡೆಯಲು ತಾತ್ಕಾಲಿಕ ತಡೆಗೋಡೆ ನಿಲ್ಲಿಸುತ್ತಾರೆ. 2020ರ ಫೆಬ್ರವರಿಯಲ್ಲಿ ನೀರಿನ ಒತ್ತಡಕ್ಕೆ ಆ ತಡೆಗೋಡೆಯೇ ಹಿಂದಕ್ಕೆ ಜರುಗಿತು. ದಾವಣಗೆರೆಯಲ್ಲಿ ಕೂತು ಆ ವಿಡಿಯೋ ನೋಡಿದಾಗ ಕೈಕಾಲು ತಣ್ಣಗಾಯಿತು. ಯಾವ ಬಾಗಿಲು ಯಾರದ್ದು ಅಂತ ನನಗೆ ಇನ್ನೂ ಗೊತ್ತು.

ಕ್ರೀಡೆಯ ಆಸಕ್ತಿ ಇದ್ದರೆ ಇಷ್ಟು ಕೇಳಿ. 1875ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲ ಬಾರಿಗೆ ಈಜಿ ದಾಟಿದ ಕ್ಯಾಪ್ಟನ್ ವೆಬ್ ಹುಟ್ಟಿದ್ದು ಹತ್ತಿರದ ಡಾಲಿಯಲ್ಲಿ, ಈಜು ಕಲಿತದ್ದು ಇದೇ ಸೆವರ್ನ್‌ನಲ್ಲಿ. ಇಂಗ್ಲೆಂಡ್ ಫುಟ್‌ಬಾಲ್ ತಂಡಕ್ಕೆ ಮೊದಲು ನೂರು ಪಂದ್ಯ ಆಡಿದ ಬಿಲ್ಲಿ ರೈಟ್ ಐರನ್‌ಬ್ರಿಡ್ಜ್‌ನವರೇ. ನಮಗೆ ಮಾತ್ರ ನದಿಗಿಳಿಯಲು ಯಾರೂ ಬಿಡುತ್ತಿರಲಿಲ್ಲ. ಮೇಲಿಂದ ಸಪಾಟಾಗಿ ಕಂಡರೂ ಒಳಗೆ ಸೆಳೆತ ಜೋರು.

ನಾನು ಬಿಟ್ಟು ಬಂದ ಮೇಲೆ ಬದಲಾಗಿದ್ದೂ ಇದೆ. ಕಣಿವೆಯ ಮೇಲ್ತುದಿಯಲ್ಲಿ ವಿದ್ಯುತ್ ಸ್ಥಾವರದ ನಾಲ್ಕು ದೊಡ್ಡ ಕೂಲಿಂಗ್ ಟವರ್‌ಗಳಿದ್ದವು. ಸುತ್ತಲಿನ ಮಣ್ಣಿಗೆ ಹೊಂದಲಿ ಅಂತ ಕಾಂಕ್ರೀಟಿಗೇ ಕೆಂಪು ಬಣ್ಣ ಬೆರೆಸಿ ಕಟ್ಟಿದ್ದರು. 2015ರಲ್ಲಿ ಸ್ಥಾವರ ನಿಂತಿತು. 2019ರ ಡಿಸೆಂಬರ್‌ನಲ್ಲಿ ನಾಲ್ಕನ್ನೂ ಒಟ್ಟಿಗೆ ಉರುಳಿಸಿದರು. ಹಳೆಯ ಫ್ರೀ ಬ್ರಿಡ್ಜ್ ಕೂಡ ಹೋಯಿತು, 1994ರಲ್ಲಿ ಆ ಜಾಗಕ್ಕೆ ಹೊಸ ಸೇತುವೆ ಬಂತು. ಕಬ್ಬಿಣದ ಸೇತುವೆ ನಾನಿದ್ದಾಗ ಬೂದು ಬಣ್ಣದ್ದು. 2018ರಲ್ಲಿ ದುರಸ್ತಿ ಮಾಡಿದಾಗ ಹಳೆಯ ಬಣ್ಣದ ಪದರ ಪರೀಕ್ಷಿಸಿ ಮೊದಲಿದ್ದ ಕಡುಗೆಂಪು ಕಂದು ಹಚ್ಚಿದ್ದಾರೆ. ಫೋಟೋದಲ್ಲಿ ನೋಡಿದರೆ ನನಗೆ ಅದು ಬೇರೆ ಸೇತುವೆ ಅನಿಸುತ್ತದೆ. ಆದರೆ ಪಕ್ಕದ ಮನೆಯ ಅಜ್ಜ ಇದ್ದಿದ್ದರೆ ಅವರಜ್ಜ ಕಂಡ ಬಣ್ಣ ಇದೇ ಅಂತ ಖುಷಿಪಡುತ್ತಿದ್ದರೇನೋ.

ನೀವು ಹೋಗುವುದಾದರೆ ಬರ್ಮಿಂಗ್‌ಹ್ಯಾಮ್‌ನಿಂದ ಟೆಲ್ಫರ್ಡ್ ಸೆಂಟ್ರಲ್‌ಗೆ ರೈಲು, ಸುಮಾರು ಮುಕ್ಕಾಲು ಗಂಟೆಯಲ್ಲಿ ತಲುಪುತ್ತೀರಿ. ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ಸೇತುವೆ ನೋಡಿ, ಸುಂಕದ ಬೋರ್ಡ್ ಓದಿ, ಕೊರಾಕಲ್ ಶೆಡ್ ಎಲ್ಲಿದೆ ಅಂತ ಯಾರನ್ನಾದರೂ ಕೇಳಿ, ತೋರಿಸುತ್ತಾರೆ. ಆಮೇಲೆ ಕೋಲ್‌ಪೋರ್ಟ್‌ಗೆ ಹೋಗಿ ಆ ಸ್ಮಾರಕ ಸೇತುವೆ ದಾಟಿ ಜ್ಯಾಕ್‌ಫೀಲ್ಡ್‌ಗೆ ಬನ್ನಿ. ಅಲ್ಲಿನ ಟೈಲ್ಸ್ ಮ್ಯೂಸಿಯಂ ಚೆನ್ನಾಗಿದೆ. ಗುಡ್ಡದ ಮೆಟ್ಟಿಲುಗಳು ಕಡಿದು, ಮಂಡಿ ನೋವಿದ್ದರೆ ಚರ್ಚಿನ ಕಡೆ ಹತ್ತಬೇಡಿ. ದಂಡೆಯ ದಾರಿ ಸಮತಟ್ಟಾಗಿದೆ. ಆಗಸ್ಟ್ ಕೊನೆಯವರೆಗೂ ಅಲ್ಲೇ ಇರುವುದಾದರೆ ಆ ತಿಂಗಳ ಕೊನೆಯ ಸೋಮವಾರ ಹೋಗುವುದು ಒಳ್ಳೆಯದು. ಅವತ್ತು ಸರ್ಕಾರಿ ರಜೆ. ಸೇತುವೆ ಕೆಳಗೆ ಕೊರಾಕಲ್ ರೇಸ್ ನಡೆಸುವ ಪದ್ಧತಿ ಇದೆ. ನೀರು ಜಾಸ್ತಿ ಇದ್ದರೆ ರದ್ದಾಗುತ್ತದೆ, ಹಿಂದಿನ ದಿನ ವಿಚಾರಿಸಿಕೊಂಡು ಹೊರಡಿ.